ಹರಕೆ ಹೊತ್ತಾಕಿ, ದೇವರ ಬಿಟ್ಟಾಂವ

ಮದುವೆ ನಿಲ್ಲುವುದಕ್ಕೆ ನಮ್ಮ ಕಡೆ ಕಾರಣಗಳಿಗೇನೂ ಬರವಿಲ್ಲ. ಹಾಕುತ್ತೇವೆಂದ ಬಂಗಾರದಲ್ಲಿ ಅರ್ಧ ತೊಲ ಕಡಿಮೆ ಬಿದ್ದರೆ ನಿಲ್ಲುತ್ತದೆ. ಬೀಗರ ಪಂಕ್ತಿಗೆ ಎರಡನೇ ಸಲ ತುಪ್ಪ ಬರಲಿಲ್ಲವೆಂದು ನಿಲ್ಲುತ್ತದೆ. ವರನ ಕಾಕಾನಿಗೆ ಟಾವೆಲ್ಲು ಟೊಪ್ಪಿಗೆ ಮುಟ್ಟಿಸಲಿಲ್ಲವೆಂದು ಹಂದರದಲ್ಲೇ ನಿಂತದ್ದೂ ಉಂಟು. ಆದರೆ ಸವದತ್ತಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮದುವೆಯೊಂದು ನಿಂತಿರುವುದು ಸಾಕ್ಷಾತ್ ದೇವರ ಸಲುವಾಗಿ! ಕೊಡುವವರ ತಕರಾರಿಲ್ಲ, ತರುವವರ ತಕರಾರಿಲ್ಲ. ಹುಡುಗನಿಗೆ ಹುಡುಗಿ ಬೇಕು, ಹುಡುಗಿಗೆ ಹುಡುಗನೇ ಬೇಕು. ನಡುವೆ ನಿಂತವಳು ಏಳುಕೊಳ್ಳದ ಯಲ್ಲಮ್ಮ.

ಹುಡುಗ ಮಿಲಿಟರಿಯವನು. ವಯಸ್ಸು ಇಪ್ಪತ್ತಾರು, ಪದಾತಿದಳದಲ್ಲಿ ಸಿಪಾಯಿ. ಹುಡುಗಿ ಅವನ ಸೋದರಮಾವನ ಮಗಳು, ಇಪ್ಪತ್ತೆರಡರವಳು, ಸವದತ್ತಿಗೆ ದಿನಾ ಬಸ್ಸಿನಲ್ಲಿ ಹೋಗಿ ಹೊಲಿಗೆ ಕಲಿಯುವವಳು. ಅವಳಪ್ಪನದು ಬಸ್ ನಿಲ್ದಾಣದ ಎದುರು ಕಿರಾಣಿ ಅಂಗಡಿ. ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ನಾಳೆ ಇಬ್ಬರೂ ಒಂದೇ ಓಣಿಯಲ್ಲಿ ತಲೆ ಎತ್ತಿ ಓಡಾಡಬೇಕು.

ಸಂಬಂಧದ ಜೋಡಿ ಅಂದ ಮಾತ್ರಕ್ಕೆ ಹಿರಿಯರು ಗಂಟು ಹಾಕಿದ್ದು ಎಂದು ತಿಳಿಯಬೇಡಿ. ಇವನು ಭರ್ತಿಯ ಓಟಕ್ಕೆಂದು ನಸುಕಿನ ನಾಲ್ಕಕ್ಕೆ ಎದ್ದು ಡಾಂಬರು ರಸ್ತೆಯಲ್ಲಿ ಓಡುತ್ತಿದ್ದಾಗ, ಅವಳು ಬಾಗಿಲ ಮುಂದೆ ನೀರು ಹಾಕುವ ನೆಪದಲ್ಲಿ ಅದೇ ಹೊತ್ತಿಗೆ ಏಳುತ್ತಿದ್ದಳು. ಊರಿಗೆಲ್ಲ ಗೊತ್ತಿದ್ದ ಗುಟ್ಟು ಇದು. ಆಯ್ಕೆಯಾಗಿ ಟ್ರೇನಿಂಗಿಗೆ ಹೊರಟ ದಿನ ಚಿಕ್ಕ ಬಟ್ಟೆಯ ಗಂಟಿನಲ್ಲಿ ಭಂಡಾರ ಕಟ್ಟಿ ಅವನ ಅಂಗಿಯ ಜೇಬಿಗೆ ಹಾಕಿದವಳೂ ಅವಳೇ. ಆಗ ಅವನು ಅದನ್ನು ಹಣೆಗೆ ಒತ್ತಿಕೊಂಡೇ ಬಸ್ ಹತ್ತಿದ್ದ.

ಅಂಥವನು ಈ ಸಲ ರಜೆಗೆ ಬಂದಾಗ ದೇವರ ಜಗುಲಿಯ ಕಡೆ ಮುಖ ಹಾಕಲಿಲ್ಲ. ಅವ್ವ ಊದಿನಕಡ್ಡಿ ಹಚ್ಚಿ ಕರೆದರೆ, ‘ನೀ ಮಾಡಬೇ, ನಾ ಒಲ್ಲೆ’ ಅಂದ. ದಣಿದು ಬಂದಾನ ಎಂದುಕೊಂಡರು. ಮರುದಿನವೂ ಅದೇ ಮಾತು. ಮೂರನೇ ದಿನ ಹೊಸ್ತಿಲ ಹುಣ್ಣಿಮೆ. ಅಂದು ಮಾತು ಹೊರಬಿತ್ತು.

ಬರಿಗಾಲ ಮೂರು ತಿಂಗಳು

ಹಿಂದಿನ ಮೂರು ತಿಂಗಳು ಅವನಿದ್ದದ್ದು ಸಿಯಾಚಿನ್ ಹಿಮನದಿಯ ಮೇಲೆ. 1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತದಲ್ಲಿ ನಮ್ಮ ಸೇನೆ ಏರಿ ಕುಳಿತ ಜಾಗ ಅದು. 2003ರ ನವೆಂಬರಿನಲ್ಲಿ ಕದನವಿರಾಮವಾದ ಮೇಲೆ ಅಲ್ಲಿ ಗುಂಡಿನ ಸದ್ದು ಹೆಚ್ಚುಕಡಿಮೆ ನಿಂತೇ ಹೋಯಿತು. ಸಾವು ಮಾತ್ರ ನಿಲ್ಲಲಿಲ್ಲ. ಮೊದಲಿನಿಂದಲೂ ಅಲ್ಲಿ ವೈರಿಯ ಗುಂಡಿಗಿಂತ ಚಳಿ, ಎತ್ತರ, ಜಾರುವ ಹಿಮ ಇವೇ ಹೆಚ್ಚು ಜನರನ್ನು ತಿಂದಿವೆ. ಚಳಿಗಾಲದಲ್ಲಿ ಶೂನ್ಯಕ್ಕಿಂತ ಐವತ್ತು ಡಿಗ್ರಿ ಕೆಳಗಿಳಿಯುವ ಜಾಗ. ಮೇಲಿನ ಠಾಣೆಗಳಲ್ಲಿ ಸಾಮಾನ್ಯವಾಗಿ ಮೂರು ತಿಂಗಳಿಗಿಂತ ಹೆಚ್ಚು ಇರಿಸುವುದಿಲ್ಲ.

ಇತ್ತ ಊರಲ್ಲಿ ಆ ಮೂರು ತಿಂಗಳು ಹುಡುಗಿ ಕಾಲಿಗೆ ಚಪ್ಪಲಿ ಹಾಕಲಿಲ್ಲ. ಮಂಗಳವಾರ, ಶುಕ್ರವಾರ ಒಪ್ಪತ್ತು. ಐದು ಮನೆ ಜೋಗ ಬೇಡಿ ತಂದ ಹಿಟ್ಟಿನಲ್ಲೇ ಅವತ್ತಿನ ರೊಟ್ಟಿ. ಕಿರಾಣಿ ಅಂಗಡಿಯವರ ಮಗಳು ಜೋಗ ಬೇಡುವುದೆಂದರೆ ಮೊದಲ ವಾರ ನಕ್ಕವರೂ ಇದ್ದರು. ಬಸ್ಸಿನ ಕಂಡಕ್ಟರ್ ಒಮ್ಮೆ, ‘ಯವ್ವಾ, ಚಪ್ಪಲಿ ಮನ್ಯಾಗ ಮರತ ಬಂದಿಯೇನ?’ ಅಂದದ್ದಕ್ಕೆ, ‘ಮಾಮಾ ಗುಡ್ಡ ಇಳೀಲ್ರಿ, ಆಮ್ಯಾಲ ಹಾಕ್ಕೋತೇನಿ’ ಅಂದಳಂತೆ. ಅಂದಿನಿಂದ ಆ ಬಸ್ಸಿನ ಖಾಯಂ ಪ್ರಯಾಣಿಕರಿಗೆಲ್ಲ ಅವನು ಯಾವ ಗುಡ್ಡದ ಮೇಲಿದ್ದಾನೆ, ಯಾವಾಗ ಇಳಿಯುತ್ತಾನೆ ಎಂಬುದು ತಮ್ಮ ಮನೆಯ ಸುದ್ದಿಯಾಯಿತು. ಅವನು ಕೆಳಗಿನ ಕ್ಯಾಂಪಿಗೆ ಬಂದು ಫೋನು ಮಾಡಿದ ಸಂಜೆ ಅಂಗಡಿಯ ಮುಂದೆ ಪೇಡೆ ಹಂಚಿದರು.

ಹರಕೆಯ ಕೊನೆಯ ಭಾಗ ಮಾತ್ರ ಉಳಿದಿತ್ತು. ಬನದ ಹುಣ್ಣಿಮೆಗೆ ಇಬ್ಬರೂ ಕೂಡಿ ಗುಡ್ಡಕ್ಕೆ ಹೋಗಿ, ಜೋಗುಳಬಾವಿಯಲ್ಲಿ ಮಿಂದು, ದೇವಿಯ ಪಡ್ಡಲಗಿ ತುಂಬಿಸಬೇಕು. ಅಲ್ಲಿಯತನಕ ಚಪ್ಪಲಿ ಇಲ್ಲ. ಪುಷ್ಯ ಕಳೆದು ಮಾಘ ಹತ್ತಿದ ಕೂಡಲೇ ಅಕ್ಕಿಕಾಳು ಎಂದು ಎರಡೂ ಮನೆಯವರು ಮಾತಾಡಿ ಮುಗಿಸಿದ್ದರು. ಎರಡು ತಿಂಗಳ ವಾರ್ಷಿಕ ರಜೆ, ಲೆಕ್ಕ ಸರಿಯಾಗಿ ಕೂಡಿತ್ತು.

ಹರಕೆಯ ಸುದ್ದಿ ಅವನಿಗೆ ಊರಿಗೆ ಬಂದ ಮೇಲಷ್ಟೇ ತಿಳಿದದ್ದು. ದಾರಿಯಲ್ಲಿ ಬೆಳಗಾವಿಯಲ್ಲಿ ಇಳಿದಾಗ ಅವಳಿಗೆಂದು ಅಥಣಿಯ ಚರ್ಮದ ಚಪ್ಪಲಿ ಕೊಂಡು ತಂದಿದ್ದ. ಕೊಟ್ಟರೆ ಅವಳು ಕಾಲಿಗೆ ಹಾಕಲೊಲ್ಲಳು! ಕಾರಣ ಕೇಳಿದ. ಅವಳು ನಾಚಿಕೊಂಡು, ಹೆಮ್ಮೆಯಿಂದಲೇ ಎಲ್ಲ ಹೇಳಿದಳು. ‘ನಿನ್ನ ಅಕೀನ ಉಳಿಸ್ಯಾಳ ಮಾಮಾ’ ಅಂದಳು.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ ಒಂದು ಪ್ರಶ್ನೆಗೆ ಇಂದಿಗೂ ಆ ಮನೆಯಲ್ಲಿ ಉತ್ತರವಿಲ್ಲ.

‘ನಿನ್ನ ಹರಕಿಯಿಂದ ನಾ ಉಳದೆ ಅಂತಿ. ಹಂಗಾರ ಅವನ ಹೇಣ್ತಿ ಮಾಡಿದ ಹರಕಿ ಏನಾತು? ಆಕಿ ಉಪವಾಸ ಕಡಿಮಿ ಬಿತ್ತೇನು?’

ಪಕ್ಕದಲ್ಲಿ ಮಲಗಿದವನು

ಅವನೆಂದರೆ ಠಾಣೆಯಲ್ಲಿ ಇವನ ಪಕ್ಕದಲ್ಲಿ ಮಲಗುತ್ತಿದ್ದವನು. ಮಹಾರಾಷ್ಟ್ರದ ಕಡೆಯ ವಾರಕರಿ ಮನೆತನದ ಹುಡುಗ. ಕೊರಳಲ್ಲಿ ತುಳಸಿಮಾಲೆ. ಮನೆಯವರು ಆಷಾಢಕ್ಕೆ ನಡೆದೇ ಪಂಢರಪುರ ಮುಟ್ಟುವ ಜನ. ಸೀಮೆಎಣ್ಣೆಯ ಬುಖಾರಿಯ ಹೊಗೆಯಲ್ಲಿ, ಎಲ್ಲರ ಮುಖ ಕಪ್ಪಾಗಿರುವಲ್ಲಿ, ರಾತ್ರಿ ಅಭಂಗ ಹಾಡುತ್ತಿದ್ದ. ಎರಡು ವರ್ಷದ ಮಗುವಿನ ಫೋಟೋವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಯ ಮೇಲೆ ಇಟ್ಟುಕೊಂಡಿದ್ದ. ಅವನ ಹೆಂಡತಿಯೂ ಅವನು ಇಳಿಯುವತನಕ ಒಂದೇ ಹೊತ್ತು ಉಣ್ಣುತ್ತಿದ್ದಳು.

ಒಂದು ಸಂಜೆ ಅವನಿಗೆ ಕೆಮ್ಮು ಹತ್ತಿತು. ರಾತ್ರಿಯ ಹೊತ್ತಿಗೆ ಎದೆಯೊಳಗೆ ನೀರು ಗುಳುಗುಳು ಅನ್ನುವ ಸದ್ದು. ಅಷ್ಟು ಎತ್ತರದಲ್ಲಿ ಶ್ವಾಸಕೋಶದೊಳಗೆ ತಾನಾಗಿ ನೀರು ತುಂಬುವ ಕಾಯಿಲೆ ಇದೆ. ಗಟ್ಟಿಮುಟ್ಟಾದ ಹುಡುಗರಿಗೂ ಬರುತ್ತದೆ. ಆಮ್ಲಜನಕ ಕೊಡಬಹುದು, ಔಷಧಿ ಕೊಡಬಹುದು, ಆದರೆ ಮುಖ್ಯವಾದ ಮದ್ದೆಂದರೆ ಬೇಗನೆ ಕೆಳಗಿಳಿಸುವುದು. ಇಳಿಸಲು ಹೆಲಿಕಾಪ್ಟರ್ ಬೇಕು. ಹೆಲಿಕಾಪ್ಟರಿಗೆ ತಿಳಿ ಆಕಾಶ ಬೇಕು. ಆ ರಾತ್ರಿ ಹಿಮಗಾಳಿ ಎದ್ದಿತ್ತು. ಇವನು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಿನತನಕ ಯಲ್ಲಮ್ಮನನ್ನು ಕರೆದ. ಅವನು ವಿಠ್ಠಲನನ್ನು ಕರೆಯುತ್ತಿದ್ದ. ನಸುಕಿಗೆ ಮುಂಚೆ ಒಬ್ಬನ ದನಿ ನಿಂತಿತು. ಮುಗಿಲು ತಿಳಿಯಾದದ್ದು ಒಂಬತ್ತು ಗಂಟೆಗೆ.

ಸತ್ತವನ ಸಾಮಾನುಗಳ ಪಟ್ಟಿ ಬರೆಯುವುದು ಸೇನೆಯಲ್ಲಿ ಪದ್ಧತಿ. ಬರೆದವರಲ್ಲಿ ಇವನೂ ಒಬ್ಬ. ಗಡಿಯಾರ ಒಂದು, ಪಾಕೀಟು ಒಂದು, ಫೋಟೋ ಒಂದು, ತುಳಸಿಮಾಲೆ ಒಂದು. ‘ಮಾಲಿ ಬರೀಬೇಕಾದ್ರ ಕೈ ನಿಂತ್ತು ನೋಡ್ರಿ’ ಎಂದು ಊರಿನ ನಿವೃತ್ತ ಹವಾಲ್ದಾರರೊಬ್ಬರ ಮುಂದೆ ಮಾತ್ರ ಹೇಳಿಕೊಂಡಿದ್ದಾನೆ.

ಸಿಯಾಚಿನ್ನಿನ ತಳದ ಶಿಬಿರದಲ್ಲಿ ಓ.ಪಿ. ಬಾಬಾನ ಗುಡಿಯಿದೆ. ಓಂ ಪ್ರಕಾಶ್ ಎಂಬ ಸೈನಿಕ 1980ರ ದಶಕದಲ್ಲಿ ಒಬ್ಬನೇ ಠಾಣೆ ಕಾದನೆಂದೂ, ಇಂದಿಗೂ ಹಿಮದ ಮೇಲಿನವರನ್ನು ಕಾಯುತ್ತಾನೆಂದೂ ಅಲ್ಲಿನ ನಂಬಿಕೆ. ಮೇಲೆ ಹೋಗುವ ತುಕಡಿ ಬಾಬಾನ ಮುಂದೆ ಸಾಲಾಗಿ ನಿಂತು ವರದಿ ಒಪ್ಪಿಸಿಯೇ ಹೋಗುತ್ತದೆ. ಇಳಿದು ಬಂದಾಗಲೂ ಅಷ್ಟೇ. ಇವರಿಬ್ಬರೂ ಹೋಗುವಾಗ ಭುಜಕ್ಕೆ ಭುಜ ತಾಗಿಸಿ ನಿಂತು ವರದಿ ಕೊಟ್ಟವರು. ಬರುವಾಗ ಇವನ ಪಕ್ಕದಲ್ಲಿ ಬೇರೆ ಯಾರೋ ನಿಂತಿದ್ದರು. ದೇವರ ಮೇಲಿನ ಮನಸ್ಸು ಮುರಿದದ್ದು ಅಲ್ಲಿ.

ಆ ಆಟ ಈ ಭಾಗಕ್ಕೆ ಹೊಸದಲ್ಲ

ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಈ ವಿಷಯ ಚರ್ಚೆಗೆ ಬಂದಾಗಲೆಲ್ಲ ಯಾರಾದರೂ ಒಬ್ಬರು ಹನುಮಂತಪ್ಪನ ಹೆಸರೆತ್ತುತ್ತಾರೆ. ಎತ್ತದೆ ಇರುವುದು ಹೇಗೆ? ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿ 3ರಂದು ಸಿಯಾಚಿನ್ನಿನಲ್ಲಿ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಸೈನಿಕರು ಹೂತುಹೋದರು. ಹತ್ತರಲ್ಲಿ ಮೂವರು ಕನ್ನಡಿಗರು. ಯಾರೂ ಉಳಿದಿಲ್ಲವೆಂದು ಕೈಚೆಲ್ಲಿದ್ದಾಗ ಫೆಬ್ರುವರಿ 8ರ ರಾತ್ರಿ ಹನುಮಂತಪ್ಪ ಹಿಮದಡಿಯಿಂದ ಜೀವಂತ ಹೊರಬಂದರು. ದೇಶವೇ ಪೂಜೆಗೆ ಕುಳಿತಿತು. ಗುಡಿಯಲ್ಲಿ ಅಭಿಷೇಕ, ಮಸೀದಿಯಲ್ಲಿ ದುವಾ, ಶಾಲೆಗಳಲ್ಲಿ ಪ್ರಾರ್ಥನೆ. ಫೆಬ್ರುವರಿ 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು.

‘ಆರು ದಿವಸ ಹಿಮದಾಗ ಬದುಕಿದ್ದು ಪವಾಡ ಅಲ್ಲೇನು?’ ಎನ್ನುತ್ತಾನೆ ಕಟ್ಟೆಯ ಮೇಲಿನ ಒಬ್ಬ. ‘ಪವಾಡ ಮಾಡಾಂವ ಅರ್ಧಕ್ಕ ಯಾಕ ಬಿಟ್ಟ?’ ಎನ್ನುತ್ತಾನೆ ಇನ್ನೊಬ್ಬ. ಬೀಡಿ ಮುಗಿಯುವತನಕ ಮಾತು ನಡೆಯುತ್ತದೆ, ಬಸ್ಸು ಬಂದರೆ ಮುರಿಯುತ್ತದೆ. ಕಟ್ಟೆಯವರಿಗೆ ಇದು ಹೊತ್ತು ಹೋಗುವ ಚರ್ಚೆ. ಹುಡುಗನಿಗೆ ಹಾಗಲ್ಲ. ಅವನ ರಾತ್ರಿಯ ನಿದ್ದೆ ಹೋಗಿರುವುದೇ ಆ ಅರ್ಧದ ಮಾತಿನಿಂದ.

ಆ ನಿವೃತ್ತ ಹವಾಲ್ದಾರರು ಹದಿನೇಳು ವರ್ಷ ನೌಕರಿ ಮಾಡಿ ಬಂದವರು. ಯಾರ ಪಕ್ಷವನ್ನೂ ವಹಿಸುವುದಿಲ್ಲ. ‘ದೇವರ ಬಿಟ್ಟವರನ್ನೂ ನೋಡೇನ್ರಿ, ಹಿಡಕೊಂಡವರನ್ನೂ ನೋಡೇನಿ. ಇಬ್ಬರೂ ರಾತ್ರಿ ಪಹರೆಕ್ಕ ಹೊತ್ತಿಗಿ ಸರಿಯಾಗಿ ಬರತಿದ್ರು. ಸಾಹೇಬರಿಗೆ ಬೇಕಾದ್ದು ಅಷ್ಟ’ ಎನ್ನುತ್ತಾರೆ.

ಅಷ್ಟೇ ಎಂದರೂ ಪೂರ್ತಿ ಸರಿಯಲ್ಲ. ನಮ್ಮ ಸೇನೆಯಲ್ಲಿ ದೇವರಿಗೂ ಹಾಜರಿ ಪುಸ್ತಕವಿದೆ ಎನ್ನಬಹುದು. ರೆಜಿಮೆಂಟುಗಳಲ್ಲಿ ಗುಡಿ, ಗುರುದ್ವಾರಗಳಿವೆ, ಎಲ್ಲ ಧರ್ಮಗಳಿಗೂ ಒಂದೇ ಸೂರು ಕೊಟ್ಟ ‘ಸರ್ವಧರ್ಮ ಸ್ಥಳ’ಗಳಿವೆ. ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿಗಳನ್ನು ಜೂನಿಯರ್ ಕಮಿಷನ್ಡ್ ಅಧಿಕಾರಿಯ ದರ್ಜೆಯಲ್ಲಿ ನೇಮಿಸಿಕೊಂಡು ಸಂಬಳ ಕೊಡುತ್ತಾರೆ. ವಾರದ ಮಂದಿರ ಪರೇಡಿಗೆ ಎಲ್ಲರೂ ನಿಲ್ಲಬೇಕು. ರೆಜಿಮೆಂಟಿನ ಗುಡಿಯ ಗರ್ಭಗೃಹಕ್ಕೆ ಕಾಲಿಡಲಾರೆ ಎಂದ ಕ್ರೈಸ್ತ ಅಧಿಕಾರಿಯೊಬ್ಬರನ್ನು 2021ರಲ್ಲಿ ಸೇವೆಯಿಂದ ವಜಾ ಮಾಡಿದರು. ಅದು ಸರಿ ಎಂದು 2025ರ ಮೇ ತಿಂಗಳಲ್ಲಿ ದಿಲ್ಲಿ ಹೈಕೋರ್ಟ್ ಹೇಳಿತು, ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಅಧಿಕಾರಿಯ ಅರ್ಜಿಯನ್ನು ತಳ್ಳಿಹಾಕಿತು. ಜೊತೆಗಾರರ ನಂಬಿಕೆಯ ಮುಂದೆ ತನ್ನ ನಂಬಿಕೆಯನ್ನು ಬದಿಗಿಡುವುದು ಶಿಸ್ತಿನ ಭಾಗ ಎಂಬುದು ಸೇನೆಯ ವಾದ. ಹೀಗಾಗಿ ನಮ್ಮ ಈ ಹುಡುಗನೂ, ನಂಬಿಕೆ ಹೋದ ಮೇಲೂ, ಪರೇಡಿನಲ್ಲಿ ಕೈಮುಗಿದೇ ನಿಲ್ಲುತ್ತಾನೆ.

ಈ ಸಂಗತಿ ಹುಡುಗಿಗೆ ತಿಳಿದದ್ದೇ ತಡ, ಜಗಳ ಬೇರೆಯೇ ದಾರಿ ಹಿಡಿಯಿತು.

‘ಸಾಹೇಬರು ಹುಕುಂ ಮಾಡಿದರ ಕೈ ಮುಗೀತಿ. ನಾ ಕರದರ ಬರೂದಿಲ್ಲ. ಹೌದಿಲ್ಲೋ?’

ಇದಕ್ಕೆ ಅವನು ಕೊಟ್ಟ ಉತ್ತರವೂ ತೆಗೆದುಹಾಕುವಂಥದ್ದಲ್ಲ. ‘ಅಲ್ಲಿ ಸುಳ್ಳ ಕೈ ಮುಗದರ ಪಗಾರ ಬರತೈತಿ. ನಿನ್ನ ಮುಂದ ಸುಳ್ಳ ಮುಗೀಲೇನು?’ ಅಂದ.

ನೋಡಿ, ಇಬ್ಬರೂ ಸುಳ್ಳಿನವರಲ್ಲ. ತೊಡಕು ಇರುವುದೇ ಅಲ್ಲಿ. ಒಂದು ಸಲ ಹೋಗಿ ತಲೆಬಾಗಿ ಬಂದರೆ ಮುಗಿಯಿತಲ್ಲ ಎಂದು ಹುಡುಗನ ಅವ್ವ ಅತ್ತಳು, ಮಾವ ಬೈದ, ಪೂಜಾರಪ್ಪ ಬುದ್ಧಿ ಹೇಳಿದ. ನಮ್ಮ ಕಡೆಯ ಅರ್ಧದಷ್ಟು ಗಂಡಸರು ಹೆಂಡಂದಿರ ಸಲುವಾಗಿಯೇ ಗುಡ್ಡ ಹತ್ತುವವರು, ಅದರಲ್ಲೇನು ಬಂತು! ಕಡೆಗೆ ಹುಡುಗನೂ ಅಷ್ಟಕ್ಕೆ ಇಳಿದ. ಜೋಗುಳಬಾವಿಯತನಕ ಬರುತ್ತೇನೆ, ಬುಟ್ಟಿ ಹೊರುತ್ತೇನೆ, ಸಾಲಿನಲ್ಲಿ ನಿಲ್ಲುತ್ತೇನೆ, ಒಳಗೆ ಮಾತ್ರ ಕೈಮುಗಿಯುವುದಿಲ್ಲ ಎಂದ. ಬೇಡ ಅಂದವಳು ಹುಡುಗಿ. ‘ಹಮಾಲ ಬೇಕಾದ್ರ ಸವದತ್ತ್ಯಾಗ ಸಿಗತಾರ’ ಅಂದಳು.

ಬಳೆ ಒಡೆವ ಹುಣ್ಣಿಮೆ

ಹೊಸ್ತಿಲ ಹುಣ್ಣಿಮೆಯ ಮಾತು ಬಂದಿತ್ತು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಯಲ್ಲಮ್ಮ ಎಂದರೆ ರೇಣುಕೆ, ಜಮದಗ್ನಿಯ ಹೆಂಡತಿ, ಪರಶುರಾಮನ ತಾಯಿ. ಅಪ್ಪನ ಅಪ್ಪಣೆಯಾಯಿತೆಂದು ಮಗ ತಾಯಿಯ ತಲೆಯನ್ನೇ ಕಡಿದ ಕಥೆ ಗೊತ್ತಿದ್ದದ್ದೇ. ಮುಂದೆ ಜಮದಗ್ನಿ ಕೊಲೆಯಾಗಿ ದೇವಿ ವಿಧವೆಯಾಗುತ್ತಾಳೆ. ಆ ನೆನಪಿಗೆ ಹೊಸ್ತಿಲ ಹುಣ್ಣಿಮೆಯ ದಿನ ಗುಡ್ಡದಲ್ಲಿ ಕಂಕಣ ಮಂಗಲ ನಡೆಯುತ್ತದೆ. ದೇವಿಯ ಬಳೆ ಒಡೆಯುತ್ತದೆ, ನೆರೆದ ಹೆಣ್ಣುಮಕ್ಕಳೂ ತಮ್ಮ ಬಳೆ ಒಡೆದುಕೊಳ್ಳುತ್ತಾರೆ. ಹಳಬರು ಇದನ್ನು ರಂಡಿ ಹುಣ್ಣಿಮೆ ಎಂದೇ ಕರೆಯುವುದು. ಎರಡು ತಿಂಗಳ ಮೇಲೆ ಭಾರತ ಹುಣ್ಣಿಮೆಗೆ ದೇವಿ ಮತ್ತೆ ಮುತ್ತೈದೆ, ಮತ್ತೆ ಹಸಿರು ಬಳೆ.

ಆ ಮೂರನೇ ದಿನದ ಜಗಳದಲ್ಲಿ ಹುಡುಗ ಆಡಬಾರದ ಮಾತೊಂದನ್ನು ಆಡಿದ್ದ. ‘ತನ್ನ ಗಂಡನ್ನ ಉಳಿಸಿಕೊಳ್ಳಲಾರದಾಕಿ ನನ್ನ ಉಳಿಸ್ಯಾಳಂತ!’ ಎಂದುಬಿಟ್ಟಿದ್ದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಆಡಿದ್ದು ಮುಂದಿನ ಗಿರಾಕಿಗಳಿಗೂ ಕೇಳಿಸಿತು. ಮಾವ ತಕ್ಕಡಿ ಕೈಬಿಟ್ಟ. ಹುಡುಗಿ ಎದ್ದು ಒಳಗೆ ಹೋದವಳು ಎಂಟು ದಿನ ಮಾತಾಡಲಿಲ್ಲ.

ಎಂಟು ದಿನದ ಮೇಲೆ ಅವನ ಮನೆಗೆ ತಾನೇ ಬಂದಳು. ಅತ್ತೆಗೆ ರೊಟ್ಟಿ ಬಡಿಯಲು ಕುಳಿತು, ಅವನ ಕಡೆ ನೋಡದೆ, ಹಿಟ್ಟು ನಾದುತ್ತಲೇ ಹೇಳಿದಳು. ಅತ್ತೆಯ ಬಾಯಿಂದ ಊರಿಗೆ ಬಂದ ಮಾತು ಇದು.

‘ನೀ ಅಂದದ್ದು ಖರೇ ಐತಿ. ಅಕಿಗೆ ಉಳಿಸಿಕೊಳ್ಳಾಕ ಆಗಲಿಲ್ಲ. ಅದಕ್ಕ ನಾವು ಅಕೀ ಕಡೆ ಹೋಗೂದು. ಗಂಡನ್ನ ಕಳಕೊಂಡಾಕಿಗೆ ಹೇಳಿದರ ತಿಳೀತದಂತ. ನೀ ಮ್ಯಾಲ ಕುಂತಿದ್ದಿ. ಫೋನು ಹತ್ತಲಿಲ್ಲ, ಪತ್ರ ಬರಲಿಲ್ಲ. ನಾ ಏನ ಮಾಡಲಿ? ಉಪಾಸ ಒಂದ ನನ್ನ ಕೈಯಾಗಿತ್ತು. ಅದೂ ಸುಳ್ಳ ಅಂದ್ರ ಮೂರ ತಿಂಗಳ ನಾ ನಿನಗ ಏನೂ ಮಾಡಲಿಲ್ಲ ಅಂದಂಗಾತು.’

ಹುಡುಗ ಅದಕ್ಕೆ ಎದುರಾಡಲಿಲ್ಲ. ಸ್ನೇಹಿತನ ಹೆಂಡತಿಯ ವಿಳಾಸ ಇಟ್ಟುಕೊಂಡಿದ್ದೇನೆ, ಹೋಗಿ ಬರಬೇಕಾಗಿದೆ, ಒಬ್ಬನೇ ಹೋಗಲು ಧೈರ್ಯವಿಲ್ಲ ಎಂದಷ್ಟೇ ಹೇಳಿದ. ಅಲ್ಲಿ ಆ ಹೆಣ್ಣುಮಗಳ ಮುಂದೆ ನಿಂತು ತಾನು ಹೇಗೆ ಉಳಿದೆ ಎಂದು ಹೇಳಬೇಕಾಗುತ್ತದೆ. ಯಲ್ಲಮ್ಮ ಕಾಯ್ದಳು ಎಂದರೆ, ನಿನ್ನ ವಿಠ್ಠಲ ಕಾಯಲಿಲ್ಲ ಎಂದಂತಲ್ಲವೆ? ಗುಡ್ಡದಲ್ಲಿ ಕೈಮುಗಿದರೆ ಆ ಮಾತಿಗೆ ಒಪ್ಪಿಗೆ ಕೊಟ್ಟಂತಾಗುತ್ತದೆ. ಅವನ ಹಟದ ಬುಡ ಇಲ್ಲಿದೆ. ನಾಸ್ತಿಕವಾದದ ಪುಸ್ತಕ ಓದಿ ಬಂದ ಹಟವಲ್ಲ ಅದು, ಅವನ ಪೆಟ್ಟಿಗೆಯಲ್ಲಿ ಪುಸ್ತಕವೇ ಇಲ್ಲ.

ಬನದ ಹುಣ್ಣಿಮೆ ಬಂತು. ಧಾರವಾಡ ಕಡೆಯಿಂದ, ಬೈಲಹೊಂಗಲ ಕಡೆಯಿಂದ ಬಸ್ಸುಗಳು ತುಂಬಿ ತುಳುಕಿದವು, ಚಕ್ಕಡಿಗಳ ಸಾಲು ಬೇರೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಗುಡ್ಡಕ್ಕೆ ಹೋಗುವ ಹೆಣ್ಣುಮಕ್ಕಳ ಸಂಖ್ಯೆ ಏರಿದ್ದು ಆ ದಾರಿಯ ಪ್ರಯಾಣಿಕರಿಗೆ ಯಾರೂ ಹೇಳಬೇಕಾಗಿಲ್ಲ. ಹುಡುಗಿ ಅವ್ವನ ಜೊತೆ ಹೋದಳು. ಪಡ್ಡಲಗಿ ತುಂಬಿಸಲಿಲ್ಲ. ಹರಕೆ ಇಬ್ಬರದು, ಒಬ್ಬಳೇ ತೀರಿಸಲು ಬರುವುದಿಲ್ಲ ಎಂದು ಬರೀ ದರ್ಶನ ಮಾಡಿ ತಿರುಗಿ ಬಂದಳು. ಬರಿಗಾಲಲ್ಲೇ.

ಮಾಘ ಹತ್ತಿತು. ಕಟ್ಟಬೇಕಿದ್ದ ಹಂದರ ಕಟ್ಟಲಿಲ್ಲ. ಲಗ್ನಪತ್ರಿಕೆಯ ಕಚ್ಚಾ ಪ್ರತಿ ಸವದತ್ತಿಯ ಮುದ್ರಣಾಲಯದಲ್ಲೇ ಉಳಿಯಿತು. ಮಾವ ಬೇರೆ ಕಡೆ ವರ ನೋಡುತ್ತೇನೆಂದು ಹೆದರಿಸಿದಾಗ ಮಗಳು, ‘ನೋಡಪಾ, ಬರಿಗಾಲಾಕಿನ್ನ ಯಾರ ಒಯ್ತಾರ’ ಎಂದು ನಕ್ಕಳಂತೆ. ಹುಡುಗನ ರಜೆ ಮುಗಿದು, ಭಾರತ ಹುಣ್ಣಿಮೆಗೆ ಎರಡು ದಿನವಿರುವಾಗ ಅವನು ಬೆಳಗಾವಿಯ ಬಸ್ ಹಿಡಿದ. ಬಸ್ ನಿಲ್ದಾಣಕ್ಕೆ ಅವಳು ಬಂದಿದ್ದಳು. ಹಿಂದಿನಂತೆ ಚಿಕ್ಕ ಗಂಟಿನಲ್ಲಿ ಭಂಡಾರ ಕಟ್ಟಿ ತಂದಿದ್ದಳು, ಆದರೆ ಜೇಬಿಗೆ ಹಾಕಲಿಲ್ಲ, ಕೈ ಮುಂದೆ ಮಾಡಿ ಹಿಡಿದಳು. ಅವನು ತೆಗೆದುಕೊಂಡ. ಹಣೆಗೆ ಒತ್ತಿಕೊಳ್ಳಲಿಲ್ಲ. ಬ್ಯಾಗಿನೊಳಗೆ, ಶೇವಿಂಗ್ ಸಾಮಾನಿನ ಜೊತೆ ಇಟ್ಟುಕೊಂಡ.

ಅವನ ಮುಂದಿನ ರಜೆ ಮಳೆಗಾಲದಲ್ಲಿ ಎನ್ನುತ್ತಾರೆ. ಆಗ ಮೊದಲು ಮಹಾರಾಷ್ಟ್ರಕ್ಕೆ, ಆ ಮನೆಗೆ, ಇಬ್ಬರೂ ಕೂಡಿ ಹೋಗುವುದೆಂದು ಫೋನಿನಲ್ಲಿ ಮಾತಾಗಿದೆಯಂತೆ. ಮದುವೆಗೆ ಮುಂಚೆ ಹುಡುಗಿಯನ್ನು ಹಾಗೆ ಕಳಿಸುವುದು ಹೇಗೆಂದು ಮಾವ ತಲೆ ಕೆಡಿಸಿಕೊಂಡು ಕುಳಿತಿದ್ದಾನೆ. ಜೊತೆಗೆ ತಾನೂ ಹೋಗುವುದೆಂದರೆ ಅಂಗಡಿ ಮೂರು ದಿನ ಮುಚ್ಚಬೇಕು. ಅಥಣಿಯ ಚಪ್ಪಲಿಯ ಡಬ್ಬಿ ಅಂಗಡಿಯ ಮೇಲಿನ ಹಲಗೆಯಲ್ಲಿ, ಸಾಬೂನಿನ ಪೆಟ್ಟಿಗೆಗಳ ಪಕ್ಕ ಇದೆ. ಮೊನ್ನೆ ಗಿರಾಕಿಯೊಬ್ಬ ಅದು ಮಾರಾಟಕ್ಕೋ ಎಂದು ಕೇಳಿದ. ಮಾವ ಅಲ್ಲ ಎಂದು ಹೇಳಿ, ಡಬ್ಬಿಯನ್ನು ಇನ್ನೂ ಸ್ವಲ್ಪ ಹಿಂದಕ್ಕೆ ಸರಿಸಿದ.